ಕಂಪ್ಯೂಟರ್ ಕೆಟ್ಟರೆ ಇಮೇಲ್‌ಗಳೂ ಹೋದಂತೆಯೇ?

ಪ್ರಶ್ನೆ: ನಾನು ಅಡಿಕೆ ವ್ಯಾಪಾರದ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಸಿಡಿಲಿನಿಂದ ಕಂಪ್ಯೂಟರ್ ಕೆಟ್ಟು, ಹಳೆಯ ಇಮೇಲ್‌ಗಳೆಲ್ಲ ಶಾಶ್ವತವಾಗಿ ಹೋದವೆಂದು ರಿಪೇರಿಯವರು ಹೇಳುತ್ತಾರೆ. ಇದು ನಿಜವೇ?
- ಓದುಗರು, ಬದಿಯಡ್ಕ

ಉತ್ತರ: ನಿಜವಿರಬಹುದು, ಆದರೆ ಪರಿಶೀಲಿಸದೆ ಒಪ್ಪಿಕೊಳ್ಳಬೇಡಿ. ನಿಮ್ಮ ಇಮೇಲ್ ಖಾತೆ ಐಮ್ಯಾಪ್ ವಿಧಾನದಲ್ಲಿದ್ದರೆ ಅಥವಾ ನೀವು ಅದನ್ನು ಬ್ರೌಸರ್‌ನಲ್ಲಿ ತೆರೆಯುತ್ತಿದ್ದರೆ, ಪತ್ರಗಳ ಮೂಲಪ್ರತಿ ಸೇವೆ ಒದಗಿಸುವವರ ಸರ್ವರ್‌ನಲ್ಲಿಯೇ ಇರುತ್ತದೆ. ಬೇರೊಂದು ಕಂಪ್ಯೂಟರಿನಿಂದ ಲಾಗಿನ್ ಆದರೆ ಸಾಕು. ಪತ್ರಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಹಳೆಯ ಪಾಪ್ ವಿಧಾನದಲ್ಲಿ, ಸರ್ವರ್‌ನಲ್ಲಿ ಪ್ರತಿ ಉಳಿಸುವ ಆಯ್ಕೆ ಇಲ್ಲದಿದ್ದರೆ ಪತ್ರಗಳು ನಿಮ್ಮ ಯಂತ್ರದಲ್ಲಷ್ಟೇ ಇರುತ್ತವೆ. ಔಟ್‌ಲುಕ್ ಎಂಬ ಇಮೇಲ್ ತಂತ್ರಾಂಶ ಬಳಸುವವರಲ್ಲಿ ಅವು ಸಾಮಾನ್ಯವಾಗಿ ಪಿಎಸ್‌ಟಿ ಎಂಬ ಒಂದೇ ಕಡತದಲ್ಲಿರುತ್ತವೆ.

ಆಗಲೂ ಆಸೆ ಬಿಡಬೇಕಾಗಿಲ್ಲ. ಸಿಡಿಲಿಗೆ ಪವರ್ ಸಪ್ಲೈ, ಮದರ್‌ಬೋರ್ಡ್ ಸುಟ್ಟರೂ ಹಾರ್ಡ್ ಡಿಸ್ಕ್ ಉಳಿದಿರುವುದುಂಟು; ಅದನ್ನು ಕಳಚಿ ಬೇರೆ ಕಂಪ್ಯೂಟರಿಗೆ ಜೋಡಿಸಿ ನೋಡಿದ್ದಾರೆಯೇ ಎಂದು ಮೊದಲು ಕೇಳಿ. ಅದೇ ಡಿಸ್ಕಿಗೆ ವಿಂಡೋಸ್ ಮತ್ತೆ ಹಾಕಲು ಮಾತ್ರ ಖಂಡಿತ ಬಿಡಬೇಡಿ, ಏಕೆಂದರೆ ಹೊಸ ಮಾಹಿತಿ ಬರೆದ ಜಾಗದ ಹಳೆಯ ಕಡತ ಮರಳಿ ಸಿಗುವುದಿಲ್ಲ. ಡಿಸ್ಕ್ ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವಂಥದ್ದು) ಆಗಿದ್ದರೆ ಕಷ್ಟ ಹೆಚ್ಚು: ಅದರಲ್ಲಿ ಅಳಿಸಿದ ಮಾಹಿತಿಯನ್ನು ಟ್ರಿಮ್ ಎಂಬ ವ್ಯವಸ್ಥೆ ಬೇಗನೆ ತೆರವುಗೊಳಿಸುತ್ತದೆ. ಡಿಸ್ಕಿನ ಮಾಹಿತಿಯನ್ನು ಗೂಢಲಿಪಿಯಲ್ಲಿ ಇಡುವ ವಿಂಡೋಸ್‌ನ ಬಿಟ್‌ಲಾಕರ್ ಇದ್ದರೆ 48 ಅಂಕಿಗಳ ಮರುಪ್ರಾಪ್ತಿ ಕೀಲಿಯೂ ಬೇಕಾದೀತು.

ಇವೆಲ್ಲ ವಿಫಲವಾದರೂ ಪತ್ರವ್ಯವಹಾರಕ್ಕೆ ಇನ್ನೊಂದು ತುದಿಯಿದೆ. ಮಂಗಳೂರಿನ ಖರೀದಿದಾರರಲ್ಲಿಯೋ ಕಾಸರಗೋಡಿನ ಲೆಕ್ಕಪರಿಶೋಧಕರಲ್ಲಿಯೋ ಅವೇ ಪತ್ರಗಳಿರುವ ಸಾಧ್ಯತೆ ಇರುವುದರಿಂದ, ಮುಖ್ಯವಾದವುಗಳನ್ನು ಮತ್ತೆ ಕಳುಹಿಸುವಂತೆ ಅವರನ್ನು ಈಗಲೇ ಕೇಳಿಕೊಳ್ಳಿ.