ಎಂ.ಎಸ್ಸಿ. ವಿದ್ಯಾರ್ಥಿಗಳನ್ನು ಹಳ್ಳಿ ಶಾಲೆಗಳಿಗೆ ವಿಜ್ಞಾನ ಪ್ರದರ್ಶನಕ್ಕೆ ಕಳಿಸುವುದರಿಂದ ಅವರಿಗೇನು ಲಾಭ?

ಬಹಳ ಲಾಭವಿದೆ, ಆದರೆ ಮೊದಲು ತಾಲೀಮು ಬೇಕು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಭೌತಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳು ನವಲಗುಂದದ ಕಡೆ ಏಳನೇ ತರಗತಿಯ ಮಕ್ಕಳೆದುರು ನಿಂತಿದ್ದಾಳೆ ಅನ್ನಿ. ನೀರು ತುಂಬಿದ ಲೋಟಕ್ಕೆ ರಟ್ಟು ಮುಚ್ಚಿ ತಲೆಕೆಳಗು ಮಾಡಿದರೂ ನೀರು ಚೆಲ್ಲುವುದಿಲ್ಲ. ತಕ್ಷಣ ‘ವಾಯುಮಂಡಲದ ಒತ್ತಡ’ ಎಂದುಬಿಟ್ಟರೆ ಮಕ್ಕಳು ಬರೆದುಕೊಳ್ಳುತ್ತಾರೆ, ಅಷ್ಟೇ. ಲೋಟ ತಿರುಗಿಸುವ ಮೊದಲೇ ‘ಏನಾಗ್ತದ, ಹೇಳ್ರಿ?’ ಅಂತ ಕೇಳಿ, ಉತ್ತರ ಬರುವವರೆಗೆ ಕಾಯಬೇಕು. ಕಲಿಸಲು ಕಷ್ಟವಾದದ್ದು ಈ ಕಾಯುವುದೇ. ಗಾಳಿಯ ಒತ್ತಡ ಸುಮಾರು 10 ಮೀಟರ್ ಎತ್ತರದ ನೀರನ್ನು ತಡೆದು ನಿಲ್ಲಿಸಬಲ್ಲದು ಎಂಬ ಮಾತು ಆಮೇಲೆ ಬರಲಿ.

ಯಾವ ಮಾತು ಮಕ್ಕಳಿಗೆ ಮುಟ್ಟಲಿಲ್ಲ ಎಂದು ದಾರಿಯಲ್ಲೇ ಚರ್ಚಿಸಿ, ಮುಂದಿನ ಶಾಲೆಯಲ್ಲಿ ಬದಲಿಸಿ ನೋಡಬಹುದು. ತರಗತಿಯ ಸೆಮಿನಾರ್‌ನಲ್ಲಿ ಈ ಅವಕಾಶ ಸಿಗುವುದಿಲ್ಲ. ಧಾರವಾಡದಲ್ಲೇ ಪ್ರಾದೇಶಿಕ ವಿಜ್ಞಾನ ಕೇಂದ್ರವಿದೆ. ಅಲ್ಲಿಗೆ ಬರುವ ಮಕ್ಕಳನ್ನು ಮಾತನಾಡಿಸುವುದರಿಂದಲೇ ಶುರು ಮಾಡಿ.