ಬಡವರ ಸಂಖ್ಯೆ ಒಂದೊಂದು ವರದಿಯಲ್ಲಿ ಒಂದೊಂದು ಥರ ಇರುವುದು ಯಾಕೆ?

2011-12ರ ಭಾರತವನ್ನೇ ನೋಡಿ. ಬಡತನ ಅಳೆಯುವ ವಿಧಾನ ಹೇಳಲು ಸರ್ಕಾರ ನೇಮಿಸಿದ್ದ ತೆಂಡೂಲ್ಕರ್ ಸಮಿತಿಯ ಲೆಕ್ಕದಲ್ಲಿ ಬಡವರು ಸುಮಾರು 27 ಕೋಟಿ. ಅದೇ ಕೆಲಸಕ್ಕೆ ಆಮೇಲೆ ನೇಮಿಸಿದ ರಂಗರಾಜನ್ ಸಮಿತಿಯ ಲೆಕ್ಕದಲ್ಲಿ 36 ಕೋಟಿ. ದೇಶವೂ ಅದೇ, ವರ್ಷವೂ ಅದೇ. ಬದಲಾಗಿದ್ದು ಮುಖ್ಯವಾಗಿ ಬಡತನದ ರೇಖೆ. ಹಳ್ಳಿಯಲ್ಲಿ ಒಬ್ಬರ ತಿಂಗಳ ಖರ್ಚು 816 ರೂಪಾಯಿಗಿಂತ ಕಡಿಮೆ ಇದ್ದರೆ ಬಡವರು ಅಂದಿತು ಮೊದಲನೆಯದು. ಎರಡನೆಯದು 972 ಅಂದಿತು. ದಿನಕ್ಕೆ ಬರೀ ಐದು ರೂಪಾಯಿಯ ವ್ಯತ್ಯಾಸ! ಪಟ್ಟಣದಲ್ಲಿ ಅಂತರ ಇನ್ನೂ ಜಾಸ್ತಿ: 1000 ಮತ್ತು 1407. ಆ ರೇಖೆಯ ಆಸುಪಾಸಿನಲ್ಲೇ ಕೋಟ್ಯಂತರ ಜನ ಬದುಕುತ್ತಿದ್ದಾರೆ, ಅದು ನನ್ನನ್ನು ತುಂಬಾ ಕಾಡುವ ವಿಷಯ.

ಜನರ ಖರ್ಚು ತಿಳಿಯಲು ನಡೆಸುವ ಸಮೀಕ್ಷೆಯಲ್ಲಿ ಪ್ರಶ್ನೆ ಕೇಳುವ ರೀತಿಯೂ ಮುಖ್ಯ. ತರಕಾರಿಗೆ ಕಳೆದ 30 ದಿನದಲ್ಲಿ ಎಷ್ಟಾಯಿತು ಅಂದರೆ ಯಾರಿಗೆ ನೆನಪಿರುತ್ತದೆ? 7 ದಿನದ ಲೆಕ್ಕ ಕೇಳಿದರೆ ಸಾಮಾನ್ಯವಾಗಿ ಖರ್ಚು ಜಾಸ್ತಿ ಬರುತ್ತದೆ, ಬಡವರು ಕಡಿಮೆ ಕಾಣುತ್ತಾರೆ. 1999-2000ರ ಸಮೀಕ್ಷೆಯಲ್ಲಿ ಎರಡನ್ನೂ ಒಟ್ಟಿಗೇ ಕೇಳಿ, ಹಳೆಯ ಅಂಕಿಗಳ ಜೊತೆ ಹೋಲಿಸುವುದೇ ಕಷ್ಟವಾಯಿತು.

ನೀತಿ ಆಯೋಗದ ಬಹು ಆಯಾಮದ ಬಡತನ ಸೂಚ್ಯಂಕ ಖರ್ಚನ್ನು ನೋಡುವುದೇ ಇಲ್ಲ. ಪೌಷ್ಟಿಕತೆ, ಶಾಲೆ, ಶೌಚಾಲಯ, ಅಡುಗೆ ಇಂಧನ ಹೀಗೆ 12 ವಿಷಯ ನೋಡುತ್ತದೆ. ಅದರಂತೆ 2019-21ರಲ್ಲಿ ಬಡವರು ಶೇ. 14.96. ಆದರೆ ಮನೆಯಲ್ಲಿ ಗ್ಯಾಸ್ ಒಲೆ ಇದ್ದು, ಈ ತಿಂಗಳು ಕೂಲಿ ಸಿಗದವರ ಕಷ್ಟ ಅದರಲ್ಲಿ ಕಾಣಿಸುವುದಿಲ್ಲ.