ಡಿಜಿಟಲ್ ಪೇಂಟಿಂಗ್, ಗೇಮ್ ಕ್ಯಾರೆಕ್ಟರ್ ಡಿಸೈನಿಗೆ ಇನ್ಸ್ಪಿರೇಷನ್ ಎಲ್ಲಿಂದ ತರ್ತೀರಾ? ಐಪ್ಯಾಡ್ ತಗೊಂಡ್ರೆ ಸರಿಹೋಗುತ್ತಾ?

ಐಪ್ಯಾಡ್ ತಗೋಬೇಡಿ. ಅದನ್ನ ಮೊದ್ಲೇ ಹೇಳ್ಬಿಡ್ತೀನಿ, ಆಮೇಲೆ ನಾನು ಕಥೆಗೆ ಕೂತ್ರೆ ಆ ಪ್ರಶ್ನೆ ಹಾಗೇ ಉಳ್ಕೊಂಡ್ಬಿಡುತ್ತೆ.

ದಿನಾ ರಾತ್ರಿ ಎರಡು ಗಂಟೆ ಆರ್ಟ್‌ಸ್ಟೇಷನ್, ಪಿಂಟರೆಸ್ಟ್ ಅಂತ ಚಿತ್ರಗಳ ಸೈಟ್ ನೋಡ್ತೀನಿ, ಸಾವಿರಗಟ್ಲೆ ಇಮೇಜ್ ಸೇವ್ ಮಾಡ್ಕೊಂಡಿದೀನಿ, ಪೆನ್ ಕೈಗೆ ತಗೊಂಡ್ರೆ ಮಾತ್ರ ತಲೆ ಖಾಲಿ ಅಂತ ಬರ್ದಿದೀರಲ್ಲ, ಅದನ್ನ ಓದಿ, ಇದು ನಾನೇ ಯಾವ್ದೋ ಹಳೇ ಅಕೌಂಟಿಂದ ಕೇಳಿದ್ದಾ ಅಂತ ಹೆಸರು ನೋಡ್ದೆ.

ನಾನು ಕುಂದಾಪುರದ ಕಡೆಯವ್ನು. ಡಿಗ್ರಿ ಮುಗ್ಸಿ ಮೂರು ವರ್ಷ ಊರಲ್ಲೇ ಒಂದು ಫ್ಲೆಕ್ಸ್ ಅಂಗಡೀಲಿ ಕೂತಿದ್ದೆ. ಲೀಡರ್‌ಗಳ ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿ, ಸೀಸನ್ ಬಂತು ಅಂದ್ರೆ ಯಕ್ಷಗಾನ ಆಟದ ಬ್ಯಾನರ್. ಫೋಟೊಶಾಪ್ ಕಲ್ತಿದ್ದೇ ಅಲ್ಲಿ. ಕಿರೀಟ ವೇಷದ ಫೋಟೊ ಕಟ್ ಮಾಡಿ ಹಿಂದೆ ಬೆಂಕಿ ಹಾಕೋದ್ರಲ್ಲಿ ನನ್ನ ಮೀರ್ಸೋರು ಇರ್ಲಿಲ್ಲ, ಇದೊಂದು ನೆನಪಿಟ್ಕೊಳ್ಳಿ. ರಾತ್ರಿ ಮನೆಗೆ ಬಂದು ಗೇಮ್ ಆಡೋದು, ಆಡೋದಕ್ಕಿಂತ ಜಾಸ್ತಿ ಅದ್ರ ಕಾನ್ಸೆಪ್ಟ್ ಆರ್ಟ್, ಅಂದ್ರೆ ಗೇಮ್ ಮಾಡೋ ಮುಂಚೆ ಬರೆಯೋ ಡಿಸೈನ್ ಚಿತ್ರ, ಹುಡುಕ್ಕೊಂಡು ಕೂರೋದು. ಒಂದಿನ ಧೈರ್ಯ ಮಾಡಿ 4,500 ರೂಪಾಯಿಗೆ ಸೆಕೆಂಡ್ ಹ್ಯಾಂಡ್ ಪೆನ್ ಟ್ಯಾಬ್ಲೆಟ್ ತಗೊಂಡು, ಕೆಲ್ಸ ಬಿಟ್ಟು, ಬೆಂಗಳೂರಲ್ಲಿ ಫ್ರೆಂಡ್ ಪೀಜೀಲಿ ನೆಲದ ಮೇಲೆ ಹಾಸಿಗೆ ಹಾಕ್ದೆ. ಅಪ್ಪ ಮೂರು ತಿಂಗಳು ಮಾತಾಡ್ಲಿಲ್ಲ, ಅದು ಬಿಡಿ, ಬೇರೆ ಕಥೆ.

ಐದಾರು ಕಡೆ ಅಪ್ಲೈ ಮಾಡಿದ್ಮೇಲೆ ಒಂದು ಸ್ಟುಡಿಯೋದಿಂದ ಆರ್ಟ್ ಟೆಸ್ಟ್ ಬಂತು. ಹೊರದೇಶದ ಗೇಮ್‌ಗಳಿಗೆ ಇಲ್ಲಿ ಕೂತು ಆರ್ಟ್ ಮಾಡ್ಕೊಡೋ ಜಾಗ. ಏಳು ದಿನ ಟೈಮು. ನಿಮ್ಮ ಪ್ರದೇಶದ ಸಂಪ್ರದಾಯದಿಂದ ಒಬ್ಬ ಯೋಧನ್ನ ಡಿಸೈನ್ ಮಾಡಿ, ಮುಂದೆ, ಪಕ್ಕ, ಹಿಂದೆ ಮೂರೂ ವ್ಯೂ ಇರ್ಬೇಕು, ಮೂರು ವಸ್ತುಗಳ ಕ್ಲೋಸಪ್ ಇರ್ಬೇಕು. ಓದಿ ನಾನು ಪೀಜೀಲಿ ಎದ್ದು ಕುಣಿದೆ. ಯಕ್ಷಗಾನ! ನನ್ನ ಮನೆ ಗದ್ದೇಲಿ ಆಟ ನೋಡ್ಕೊಂಡು ಬೆಳೆದವ್ನು ನಾನು, ಚಾಪೆ ಮೇಲೆ ನಿದ್ದೆಗಣ್ಣಲ್ಲಿ ಚೆಂಡೆ ಕೇಳ್ಕೊಂಡು ಮಲಗ್ದವ್ನು, ನೂರಾರು ಬ್ಯಾನರ್ ಮಾಡ್ದವ್ನು, ನಂಗಿಂತ ಇನ್ಯಾರು ಬೇಕು?

ಈಗ ಬರೋದು ಆ ತಪ್ಪು. ಇದನ್ನ ಉದ್ದಕ್ಕೆ ಹೇಳ್ತೀನಿ, ಸಹಿಸ್ಕೊಳ್ಳಿ.

ಏಳು ದಿನದಲ್ಲಿ ಐದು ದಿನ ನಾನು ರೆಫರೆನ್ಸ್, ಅಂದ್ರೆ ನೋಡ್ಕೊಂಡು ಬರೆಯೋಕೆ ಫೋಟೊ, ಕಲೆಕ್ಟ್ ಮಾಡ್ದೆ. ಪ್ಯೂರ್‌ರೆಫ್ ಅಂತ ಫೋಟೊ ಜೋಡ್ಸಿಡೋ ಸಾಫ್ಟ್‌ವೇರಿನ ಬೋರ್ಡಲ್ಲಿ 1,100 ಇಮೇಜ್ ಆಯ್ತು. ಕಿರೀಟ ಒಂದ್ಕಡೆ, ಭುಜಕೀರ್ತಿ ಒಂದ್ಕಡೆ, ಎದೆ ಆಭರಣ, ಕಸೆ ಸೀರೆ ಚೌಕುಳಿ, ಕಣ್ಣಿನ ಮೇಕಪ್, ಎಲ್ಲ ನೀಟಾಗಿ ಜೋಡ್ಸಿದ್ದು ನೋಡಿದ್ರೆ ನಂಗೇ ನನ್ಮೇಲೆ ಗೌರವ ಬರ್ತಿತ್ತು. ಆರನೇ ದಿನ ಕ್ರೀಟಾ ಅನ್ನೋ ಪೇಂಟಿಂಗ್ ಸಾಫ್ಟ್‌ವೇರ್ ಓಪನ್ ಮಾಡಿ ಫ್ರಂಟ್ ವ್ಯೂ ಬರ್ದೆ. ಚೆನ್ನಾಗೇ ಬಂತು, ಸುಳ್ಳು ಯಾಕೆ ಹೇಳ್ಲಿ, ಅಂಚಲ್ಲಿ ಕೇಸರಿ ಬೆಳಕು, ಸುತ್ತ ಕಿಡಿ, ಕಿರೀಟದ ಬೇಗಡೆ ಹೊಳೆಯೋದು, ಎಲ್ಲ ಇತ್ತು. ಪಕ್ಕದ ವ್ಯೂ ಹೇಗೋ ಎಳೆದಾಡಿ ಮುಗಿಸ್ದೆ. ಏಳನೇ ದಿನ ಬೆಳಗಿನ ಜಾವ ಮೂರು ಗಂಟೆಗೆ ಹಿಂದಿನ ವ್ಯೂ ಶುರು ಮಾಡೋಣ ಅಂತ ಹೊಸ ಲೇಯರ್ ತೆಗ್ದೆ, ಔಟ್‌ಲೈನ್ ಹಾಕ್ದೆ, ಅಲ್ಲಿಗೆ ನಿಂತೋಯ್ತು. ಆ ವೇಷದ ಹಿಂದೆ ಏನಿರುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಬೋರ್ಡ್ ಪೂರ್ತಿ ಝೂಮ್ ಮಾಡಿ ಮಾಡಿ ನೋಡ್ದೆ, 1,100ರಲ್ಲಿ ಬೆನ್ನು ಕಾಣೋ ಫೋಟೊ ಎರಡಿತ್ತು, ಎರಡೂ ಬ್ಲರ್.

ಸರಿ, ಕೇಪ್ ಹಾಕ್ಬಿಟ್ಟೆ. ಕೆಂಪು ವೆಲ್ವೆಟ್ಟು, ಕತ್ತಿಂದ ಹಿಮ್ಮಡಿವರೆಗೆ, ಗಾಳಿಗೆ ಹಾರ್ತಾ ಇರೋ ಕೇಪು. ಯಕ್ಷಗಾನ ವೇಷಕ್ಕೆ ಸೂಪರ್‌ಮ್ಯಾನ್ ಕೇಪ್.

ವೀಡಿಯೋ ಕಾಲಲ್ಲಿ ಅಲ್ಲಿನ ಲೀಡ್ ಒಬ್ರು ಮೇಡಂ ಫ್ರಂಟ್ ವ್ಯೂ ನೋಡಿ "ಚೆನ್ನಾಗಿದೆ" ಅಂದ್ರು, ಆಮೇಲೆ ನೇರ ಹಿಂದಿನ ವ್ಯೂಗೆ ಝೂಮ್ ಮಾಡಿ, "ಈ ಕೇಪ್ ತೆಗೆದ್ರೆ ಒಳಗೇನಿದೆ?" ಅಂದ್ರು. ನಾನು ಸ್ಟೈಲಿಗೆ ಹಾಕಿದ್ದು ಅಂದೆ. "ಇರ್ಲಿ, ಈ ಭುಜದ ಪೀಸು ಯಾವ್ದಕ್ಕೆ ಕಟ್ಟಿದೆ? ಅವ್ನು ಕೈ ಎತ್ತಿದ್ರೆ ಇದು ಎಲ್ಲಿಗೆ ಹೋಗುತ್ತೆ?" ನಾನು ಸುಮ್ಮನೆ ಕೂತಿದ್ದೆ. ಪಾಪ ಅವ್ರು ಬೈಯ್ಲಿಲ್ಲ, ವಿವರ್ಸಿ ಹೇಳಿದ್ರು, ನಿಮ್ಮ ಶೀಟ್ ಇಟ್ಕೊಂಡು ಮಾಡೆಲ್ ಮಾಡೋವ್ನು ಬೇರೆ, ಅದು ಕೈಕಾಲು ಆಡ್ಸೋ ಹಾಗೆ ಒಳಗೆ ಮೂಳೆ ಕೂರ್ಸೋವ್ನು ಬೇರೆ, ಅನಿಮೇಟ್ ಮಾಡೋವ್ನು ಬೇರೆ, ಅವ್ರೆಲ್ಲ ನಿಮ್ಗೆ ಫೋನ್ ಮಾಡಿ ಕೇಳೋಕಾಗಲ್ಲ, ಅವ್ರ ಪ್ರಶ್ನೆಗಳಿಗೆ ಉತ್ತರ ಈ ಶೀಟಲ್ಲೇ ಇರ್ಬೇಕು ಅಂತ. ಎರಡು ದಿನ ಆದ್ಮೇಲೆ ಎರಡು ಲೈನಿನ ಮೇಲ್ ಬಂತು, ಏನಿತ್ತು ಅಂತ ನಿಮ್ಗೇ ಗೊತ್ತಾಗುತ್ತೆ.

ಫ್ರೆಂಡ್ಸೆಲ್ಲ ಟೈಮ್ ಮ್ಯಾನೇಜ್‌ಮೆಂಟ್ ಸರಿ ಇಲ್ಲ ನಿಂದು ಅಂದ್ರು, ಐದು ದಿನ ರೆಫರೆನ್ಸಿಗೇ ಯಾಕೆ ಹಾಕ್ದೆ ಅಂತ. ಅದಲ್ಲ ವಿಷ್ಯ. ಇನ್ನೂ ಹತ್ತು ದಿನ ಕೊಟ್ಟಿದ್ರೂ ನಾನು ಇನ್ನೂ 2,000 ಇಮೇಜ್ ಸೇರ್ಸಿ ಅದೇ ಕೇಪ್ ಹಾಕ್ತಿದ್ದೆ. ಯೋಚ್ನೆ ಮಾಡಿ, ಆಟದ ಫೋಟೊ ತೆಗೆಯೋವ್ರು ಎಲ್ಲಿ ಕೂತಿರ್ತಾರೆ? ರಂಗಸ್ಥಳದ ಮುಂದೆ. ಮುಖ ಚೆನ್ನಾಗಿ ಬಂದಿದ್ದನ್ನೇ ಇಟ್ಕೊಳ್ತಾರೆ, ಉಳಿದದ್ದು ಡಿಲೀಟ್. ಜನ ಶೇರ್ ಮಾಡೋದೂ ಅದನ್ನೇ, ಸರ್ಚಲ್ಲಿ ಮೇಲೆ ಬರೋದೂ ಅದೇ. ಅಂದ್ರೆ ನನ್ನ ಹತ್ರ 1,100 ಇಮೇಜ್ ಇದ್ದಿದ್ದಲ್ಲ, ಒಂದೇ ಇಮೇಜ್ 1,100 ಸಲ ಇತ್ತು. ಅದ್ರ ಮೇಲೆ ಅಂಗಡೀಲಿ ಮೂರು ವರ್ಷ ಅದೇ ಮುಂಭಾಗಾನೇ ಕಟ್ ಮಾಡಿ ಅಂಟ್ಸಿದ್ದು, ಹಾಗಾಗಿ ನಂಗೆ ವೇಷ ಗೊತ್ತು ಅನ್ನೋ ಭ್ರಮೆ ಬೇರೆ. ನಂಗೆ ಗೊತ್ತಿದ್ದದ್ದು ಕಟೌಟು.

ಆ ಜನವರೀಲಿ ಊರಿಗೆ ಹೋದಾಗ ಪಕ್ಕದ ಮನೇಲಿ ಹರಕೆ ಆಟ ಇತ್ತು. ಮಾವನಿಗೆ ಮೇಳದಲ್ಲಿ ಪರಿಚಯ ಇತ್ತು, ಅವ್ರ ಹಿಂದೆ ಹೋಗಿ ಸಂಜೆ ಏಳಕ್ಕೇ ಚೌಕಿ, ಅಂದ್ರೆ ವೇಷ ಕಟ್ಟೋ ಜಾಗ, ಅದ್ರೊಳಗೆ ಮೂಲೇಲಿ ಕೂತೆ. ಎದುರಿಗೆ ಗಣಪತಿ, ದೀಪ, ಎರಡೂ ಬದಿ ಸಾಲಾಗಿ ಕಲಾವಿದ್ರು, ಒಬ್ಬೊಬ್ರ ಕೈಲೂ ಒಂದು ಸಣ್ಣ ಕನ್ನಡಿ, ಬಣ್ಣದ ಪುಡಿನ ಕೊಬ್ಬರಿ ಎಣ್ಣೇಲಿ ಕಲ್ಸಿ ಅವ್ರ ಮುಖಕ್ಕೆ ಅವ್ರೇ ಹಚ್ಕೊಳ್ತಿದ್ರು. ಅದನ್ನ ಎಲ್ರೂ ಫೋಟೊ ತೆಗೀತಾರೆ. ನಾನು ಈ ಸಲ ಅದ್ರ ಕಡೆ ಹೋಗ್ಲಿಲ್ಲ, ಹಿಂದೆ ಹೋಗಿ ಕೂತೆ.

ಹಿಂದೆ ಪೂರ್ತಿ ಗಂಟು ಮಾರಾಯ್ರೆ! ಮುಂದಿಂದ ನೋಡಿದ್ರೆ ಚಿನ್ನದ ಅರಸ, ಹಿಂದಿಂದ ನೋಡಿದ್ರೆ ಹಗ್ಗ, ದಾರ, ಲಾಡಿ. ಭುಜಕೀರ್ತಿ, ಎದೆ ಆಭರಣ ಎಲ್ಲ ಹಗುರ ಮರ, ಮೇಲೆ ಬೇಗಡೆ, ಒಂದೊಂದರ ದಾರಾನೂ ಬೆನ್ನ ಮೇಲೆ ಬಂದು ಒಂದರ ಮೇಲೊಂದು ಬಿಗೀತಾರೆ. ಕಸೆ ಕಟ್ಟೋವಾಗ ಇನ್ನೊಬ್ರು ಹಿಂದಿಂದ ಹಿಡಿದು ಎಳೀತಾರೆ, ಅವ್ರು ಉಸಿರು ಬಿಗಿ ಹಿಡ್ಕೊಂಡು ನಿಂತಿರ್ತಾರೆ. ಮುಂಡಾಸಂತೂ ಟೋಪಿ ಥರ ತಂದು ಇಡೋದಲ್ಲ, ತಲೆ ಮೇಲೇ ಬಟ್ಟೆ ಸುತ್ತಿ, ದಾರ ಬಿಗಿದು, ಜರಿ ಪಟ್ಟಿ ಎಳೆದು ಪ್ರತಿ ರಾತ್ರಿ ಹೊಸದಾಗಿ ಕಟ್ಟೋದು. ವಯಸ್ಸಾದ ಕಲಾವಿದ್ರೊಬ್ರು ನನ್ನ ನೋಡಿ, "ಎಂತ ಮಾಣಿ, ಎಲ್ರೂ ಮುಖದ್ ಪಟ ತೆಗಿತ್ರ್, ಬೆನ್ನ್ ಎಂತಕ್ ಕಾಂಬುದ್?" ಅಂದ್ರು. ಈ ಗಂಟು ಯಾಕೆ ಇಷ್ಟು ಬಿಗಿ ಅಂತ ಕೇಳ್ದೆ. "ಕುಣಿವತ್ತಿಗೆ ಅಲ್ಲಾಡುಕಾಗ, ಅಷ್ಟೇ", ಅಂದ್ರೆ ಕುಣಿಯೋವಾಗ ಅಲ್ಲಾಡ್ಬಾರ್ದು, ಅಂದು ಮತ್ತೆ ಕನ್ನಡಿ ನೋಡ್ಕೊಂಡ್ರು.

ಆ ಲೀಡ್ ಮೇಡಂ ಕೇಳಿದ ಪ್ರಶ್ನೆಗೆ ಉತ್ತರ ಇದೇ ಅಲ್ವಾ! ನನ್ನ ಸ್ಕೆಚ್‌ಬುಕ್ಕಲ್ಲಿ ಆ ರಾತ್ರಿ ಇಪ್ಪತ್ತು ಪೇಜ್ ಬರೀ ಗಂಟುಗಳು, ಕೈ ನಡುಗಿ ಬರ್ದಿದ್ದು, ನೋಡೋಕೆ ಚೆನ್ನಾಗಿಲ್ಲ, ಆದ್ರೆ ಮಾರನೇ ದಿನ ಕೂತಾಗ ಮೊದಲನೇ ಸಲ ತಲೇಲಿ ಐಡಿಯಾ ಸಾಲುಗಟ್ಟಿ ನಿಂತ್ವು. ಗಂಟು ಬಿಚ್ಚಿದ್ರೆ ಆಭರಣ ಒಂದೊಂದೇ ಕಳಚೋ ಯೋಧ, ಪೆಟ್ಟು ಬಿದ್ದಷ್ಟೂ ಹಿಂದಿನ ದಾರ ಸಡಿಲ ಆಗೋದು, ಆರೋಗ್ಯದ ಪಟ್ಟಿ ಸ್ಕ್ರೀನಲ್ಲಿ ಬೇಡವೇ ಬೇಡ, ಬೆನ್ನು ನೋಡಿದ್ರೆ ಸಾಕು. ಆಡೋವ್ನು ಎಷ್ಟೋ ಗೇಮಲ್ಲಿ ದಿನವಿಡೀ ನೋಡೋದೂ ಬೆನ್ನನ್ನೇ ತಾನೇ, ಕ್ಯಾಮೆರಾ ಹಿಂದೆ ಇರುತ್ತಲ್ಲ. ಅದು ಹೊಳೆದಾಗ ಹಣೆ ಚಚ್ಕೊಂಡೆ.

ನಿಮ್ಗೆ ಇನ್ಸ್ಪಿರೇಷನ್ ಕಮ್ಮಿ ಆಗಿದೆ ಅಂತ ನಾನು ಒಪ್ಪಲ್ಲ. ದಿನಾ ಎರಡು ಗಂಟೆ ಬೇರೆಯವ್ರು ಅಡುಗೆ ಮಾಡಿ ತಟ್ಟೇಲಿ ಅಲಂಕಾರ ಮಾಡಿಟ್ಟಿರೋದರ ಫೋಟೊ ನೋಡ್ತೀರಿ, ಆಮೇಲೆ ನಿಮ್ಮ ಒಲೆ ಹೊತ್ಸಿ ಯಾಕೆ ಏನೂ ಬೇಯ್ತಿಲ್ಲ ಅಂತೀರಿ. ತರಕಾರೀನೇ ತಂದಿಲ್ಲ! ಆರ್ಟ್‌ಸ್ಟೇಷನ್ ನೋಡ್ಬೇಡಿ ಅನ್ನಲ್ಲ, ನಾನೂ ನೋಡ್ತೀನಿ, ಬಣ್ಣ ಹೇಗೆ ಹಚ್ಚಿದಾರೆ, ಶೀಟ್ ಹೇಗೆ ಜೋಡ್ಸಿದಾರೆ ಅಂತ ಕಲಿಯೋಕೆ. ಏನು ಬರೀಬೇಕು ಅನ್ನೋದು ಅಲ್ಲಿ ಸಿಗಲ್ಲ ಅಷ್ಟೇ.

ಮಾರಿಯೋನೇ ತಗೊಳ್ಳಿ. 1981ರಲ್ಲಿ ನಿಂಟೆಂಡೋ ಕಂಪನಿಯ ಡಿಸೈನರ್ ಮಿಯಾಮೊಟೊ ಅವ್ನನ್ನ ಡಾಂಕಿ ಕಾಂಗ್ ಗೇಮಿಗೆ ಮಾಡಿದಾಗ ಕೈಲಿದ್ದಿದ್ದು ಬೆರಳೆಣಿಕೆಯಷ್ಟು ಪಿಕ್ಸೆಲ್ಲು. ಬಾಯಿ ಬರೆಯೋಕೆ ಜಾಗ ಇಲ್ಲ, ಮೀಸೆ ಇಟ್ರು. ಕೂದಲು ಕಷ್ಟ, ಟೋಪಿ ಹಾಕಿದ್ರು. ಕೈ ಆಡೋದು ಕಾಣ್ಬೇಕು, ಅದಕ್ಕೆ ಮೈಗೆ ಅಂಗಿಯಿಂದ ಬೇರೆ ಬಣ್ಣದ ಡಂಗರಿ. ನಮ್ಮ ಕಲಾವಿದ್ರು ಹೇಳಿದ 'ಅಲ್ಲಾಡುಕಾಗ' ಥರಾನೇ, ಒಂದೊಂದಕ್ಕೂ ಕೆಲ್ಸ ಇದೆ. 2007ರ ಟೀಮ್ ಫೋರ್ಟ್ರೆಸ್ 2 ಅನ್ನೋ ಶೂಟಿಂಗ್ ಗೇಮಲ್ಲಿ ಒಂಬತ್ತು ಕ್ಯಾರೆಕ್ಟರ್, ಕಪ್ಪು ನೆರಳು ನೋಡಿದ್ರೆ ಸಾಕು ಯಾರು ಅಂತ ಗೊತ್ತಾಗ್ಬೇಕು ಅಂತ ಮಾಡಿದಾರೆ, ಕಾಲ ಹತ್ರ ಕತ್ತಲು, ಎದೆ ಹತ್ರ ಬೆಳಕು, ಯಾಕಂದ್ರೆ ಬಂದೂಕು ಹಿಡಿಯೋದು ಅಲ್ಲಿ. ಅವ್ರು ಅದಕ್ಕೆ ನೋಡಿದ್ದು ಬೇರೆ ಶೂಟಿಂಗ್ ಗೇಮ್‌ಗಳನ್ನಲ್ಲ, ಲೆಯೆಂಡೆಕರ್, ರಾಕ್‌ವೆಲ್ ಅಂತ ಇಪ್ಪತ್ತನೇ ಶತಮಾನದ ಶುರುವಿನ ಅಮೆರಿಕದ ಪತ್ರಿಕೆ ಚಿತ್ರಕಾರರನ್ನ. ನಾನು ಇದನ್ನ ಓದಿದಾಗ ನೆನಪಾಗಿದ್ದು ನಮ್ಮ ಗದ್ದೆ. ಕೊನೇ ಚಾಪೇಲಿ ಮಲಗಿರೋ ಮಗೂಗೂ ದೂರದಿಂದ ಆಕಾರ ನೋಡೇ ರಕ್ಕಸ ಬಂದ, ಹೆಣ್ಣು ವೇಷ ಬಂತು, ಹಾಸ್ಯಗಾರ ಬಂದ ಅಂತ ಗೊತ್ತಾಗುತ್ತೆ, ದೀಪದ ಬೆಳಕಲ್ಲಿ ಆಡೋ ಕಾಲದಿಂದ ಬಂದ ಆಕಾರಗಳು ಅವು.

ಎಐ ಇಮೇಜ್ ರೆಫರೆನ್ಸಿಗೆ ಬಳಸ್ಬಹುದಾ ಅಂತಾನೂ ಕೊನೇಲಿ ಕೇಳಿದೀರಿ. ಒಂದ್ಸಲ ನಾನೂ ಟ್ರೈ ಮಾಡ್ದೆ. ಭುಜದಿಂದ ಹೊರಟ ದಾರ ಹೊಟ್ಟೆ ಹತ್ರ ಬಂದು ಮಾಯ, ಎರಡು ಪಟ್ಟಿ ಸೇರಿ ಒಂದು. ನನ್ನ ಕೇಪನ್ನೇ ಇನ್ನೂ ಚೆನ್ನಾಗಿ ಹಾಕುತ್ತೆ ಅದು.

ಹಾಗಂತ ಹೊರಗೆ ಹೋದ ತಕ್ಷಣ ಎಲ್ಲ ಸಿಗುತ್ತೆ ಅಂತಾನೂ ಅಲ್ಲ. ಹುರುಪಲ್ಲಿ ಮುಂದಿನ ತಿಂಗಳು ಬೇಲೂರಿಗೆ ಹೋದೆ, ಗೋಡೆ ಮೇಲಿನ ವಿಗ್ರಹಕ್ಕೆ ಬೆನ್ನೇ ಇಲ್ಲ, ಗೋಡೆಗೆ ಅಂಟಿರುತ್ತಲ್ಲ! ಆದ್ರೆ ಬಳಪದ ಕಲ್ಲಲ್ಲಿ ಸರದ ಅಡಿಯಿಂದಾನೂ ಕೆತ್ತಿರೋದ್ರಿಂದ ಯಾವ ಎಳೆ ಮೇಲೆ, ಯಾವ್ದು ಕೆಳಗೆ ಅಂತ ನೆರಳಲ್ಲೇ ಗೊತ್ತಾಗುತ್ತೆ, ಲೇಯರ್ ಹೇಗೆ ಜೋಡ್ಸೋದು ಅಂತ ಅಲ್ಲಿ ಕಲ್ತೆ. ಮೊಣಕಾಲು ಊರಿ ಕೆಳಗಿಂದ ನೋಡಿ, ಗೈಡ್ ಬೈತಾರೆ, ಪರ್ವಾಗಿಲ್ಲ.

ಕೆಲ್ಸ ಸಿಕ್ತಾ ಅಂತ ಕೇಳ್ತೀರಿ. ಆ ಸ್ಟುಡಿಯೋದಲ್ಲಿ ಸಿಗ್ಲಿಲ್ಲ. ಒಂದೂವರೆ ವರ್ಷ ಆದ್ಮೇಲೆ ಬೇರೆ ಕಡೆ ಸಿಕ್ತು, ಅದೂ ಕ್ಯಾರೆಕ್ಟರ್ ಅಲ್ಲ, ಡ್ರಮ್ಮು, ಪೆಟ್ಟಿಗೆ, ಬಾಗಿಲು ಬರೆಯೋದು. ಪೋರ್ಟ್‌ಫೋಲಿಯೋದಲ್ಲಿ ಗಂಟಿನ ಪೇಜ್ ನೋಡೇ ಕರೆದಿದ್ದು ಅಂದ್ರು. ಕ್ಯಾರೆಕ್ಟರ್ ಕೈಗೆ ಬರೋಕೆ ಇನ್ನೂ ಎರಡು ವರ್ಷ ಹಿಡೀತು. ಇವತ್ತಿಗೂ ಅದೇ 4,500ರ ಟ್ಯಾಬ್ಲೆಟ್ ಮನೇಲಿ ನಡೀತಿದೆ, ಕ್ರೀಟಾ ಫ್ರೀ, ಐಪ್ಯಾಡ್ ದುಡ್ಡು ಬಸ್ ಚಾರ್ಜಿಗೆ ಇಟ್ಕೊಳ್ಳಿ.

ನೀವು ಯಕ್ಷಗಾನ ಬರೀರಿ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಬರೀಬೇಡಿ, ನಿಮ್ಮ ಪ್ರೊಫೈಲಲ್ಲಿ ದಾವಣಗೆರೆ ಅಂತಿದೆ. ಮಂಡಕ್ಕಿ ಭಟ್ಟಿ ಇರೋ ಊರಲ್ಲಿ ಕೂತು ಜಪಾನಿನ ಸಮುರಾಯ್ ಬೋರ್ಡ್ ಮಾಡ್ಕೊಂಡಿದೀರಲ್ಲ! ಒಂದು ಬೆಳಗ್ಗೆ ಭಟ್ಟಿಗೆ ಹೋಗಿ, ಕೇಳ್ಕೊಂಡು ಒಳಗೆ ಕೂರಿ, ಅಡ್ಡ ಬರ್ಬೇಡಿ, ಮರಳು ಕಾದಿರುತ್ತೆ. ಬೆಂಕಿ ಮುಂದೆ ನಿಂತವ್ರು ತಲೆಗೆ, ಮುಖಕ್ಕೆ ಏನು ಸುತ್ತಿದಾರೆ, ಹೊಗೆಯ ಮಸಿ ಮೈಮೇಲೆ ಎಲ್ಲಿ ಕೂತಿದೆ, ಎಲ್ಲಿ ಕೂತಿಲ್ಲ, ಜರಡಿ ಯಾವ ಕೈಲಿ ಹಿಡೀತಾರೆ, ಇಷ್ಟು ಬರ್ಕೊಂಡು ಬನ್ನಿ. ಟವೆಲ್ ಕಟ್ಟಿದ್ರೆ ಹಿಂದೆ ಹೋಗಿ ಗಂಟು ನೋಡಿ, ಸ್ಕೆಚ್ ಇಲ್ಲೇ ಕೆಳಗೆ ಹಾಕಿ. ಅದಕ್ಕೆ ಬದ್ಲಾಗಿ ನಾನು ನನ್ನ ಕೇಪ್ ಫೈಲ್ ತೋರಿಸ್ತೀನಿ, ಇನ್ನೂ ಡಿಲೀಟ್ ಮಾಡಿಲ್ಲ.